ರಿಪೋರ್ಟಿನಲ್ಲಿ ‘ಮಿಸ್ಡ್ ಅಬಾರ್ಷನ್’, ಕೈಯಲ್ಲಿ ಮಾತ್ರೆ: ಗರ್ಭಸ್ರಾವಕ್ಕೆ ಮಾತ್ರೆ ಕೊಡುವುದೇಕೆ?

ಎಂಟು-ಒಂಬತ್ತು ವಾರದ ಸ್ಕ್ಯಾನ್‌ಗೆ ಹೋದಾಗ ವೈದ್ಯರು ‘ಹಾರ್ಟ್‌ಬೀಟ್ ಕಾಣುತ್ತಿಲ್ಲ’ ಎನ್ನುತ್ತಾರೆ. ಇನ್ನೊಮ್ಮೆ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಂಡು ಮಾತ್ರೆ ಬರೆದುಕೊಡುತ್ತಾರೆ. ಮನೆಗೆ ಬಂದ ಮೇಲೆ ರಿಪೋರ್ಟಿನ ಫೋಟೋ ಫ್ಯಾಮಿಲಿ ಗ್ರೂಪ್‌ಗೆ ಹೋಗುತ್ತದೆ. ಅದರಲ್ಲಿ ‘ಮಿಸ್ಡ್ ಅಬಾರ್ಷನ್’ ಎಂದು ಬರೆದಿದೆ. ಮಾತ್ರೆಯ ಹೆಸರನ್ನು ಗೂಗಲ್ ಮಾಡಿದರೆ ‘ಗರ್ಭ ತೆಗೆಸುವ ಮಾತ್ರೆ’ ಎಂದು ಬರುತ್ತದೆ. ಅಲ್ಲಿಂದ ಪ್ರಶ್ನೆಗಳು ಶುರು: ಅಬಾರ್ಷನ್ ಮಾಡಿಸಿದರಾ? ಯಾರನ್ನು ಕೇಳಿ ಮಾಡಿಸಿದರು? ಈ ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗಲ್ವಂತೆ, ಹೌದಾ?

ಮಗುವನ್ನು ಕಳೆದುಕೊಂಡ ನೋವಿನಲ್ಲಿರುವ ಹೆಣ್ಣುಮಗಳು ಈ ಪ್ರಶ್ನೆಗಳಿಗೂ ಉತ್ತರ ಕೊಡಬೇಕಾಗುತ್ತದೆ. ಕೆಲವರು ಇದಕ್ಕೇ ಹೆದರಿ ಚಿಕಿತ್ಸೆಯನ್ನು ಮುಂದೂಡುತ್ತಾರೆ. ಇನ್ನು ಕೆಲವರು ಸ್ಕ್ಯಾನ್ ಕೂಡ ಮಾಡಿಸದೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾರೆ. ಎರಡರಲ್ಲೂ ಅಪಾಯವಿದೆ. ಹಾಗಾಗಿ ಈ ವಿಷಯವನ್ನು ಮೊದಲಿನಿಂದ ನೋಡೋಣ.

ಚುಟುಕಾಗಿ ಹೇಳುವುದಾದರೆ

ಬೆಳವಣಿಗೆ ನಿಂತುಹೋದ ಗರ್ಭ ಪೂರ್ತಿಯಾಗಿ ಹೊರಬರಲು ಮಾತ್ರೆ ಕೊಡುವುದು ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಚಿಕಿತ್ಸೆ. ಜೀವವಿರುವ ಗರ್ಭವನ್ನು ಇಲ್ಲಿ ತೆಗೆಯುತ್ತಿಲ್ಲ. ಈ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಆದರೆ ಸ್ಕ್ಯಾನ್ ಮಾಡಿಸದೆ, ವೈದ್ಯರಿಗೆ ತೋರಿಸದೆ ಇದನ್ನು ತೆಗೆದುಕೊಳ್ಳಬಾರದು.

‘ಅಬಾರ್ಷನ್’ ಎಂಬ ಪದದ ಗೊಂದಲ

ಗೊಂದಲದ ಮೂಲ ಈ ಪದದಲ್ಲೇ ಇದೆ. ನಾವು ಮಾತಿನಲ್ಲಿ ‘ಅಬಾರ್ಷನ್’ ಎಂದಾಗ ಬೇಡವೆಂದು ತೆಗೆಸಿದ್ದು ಎಂಬ ಅರ್ಥ ಬರುತ್ತದೆ. ವೈದ್ಯಕೀಯ ಭಾಷೆಯಲ್ಲಿ ಹಾಗಲ್ಲ. ಮಗು ಹೊರಗೆ ಬದುಕಬಲ್ಲ ಹಂತಕ್ಕೆ ಮೊದಲು ಗರ್ಭ ಕೊನೆಗೊಂಡರೆ, ಅದು ತಾನಾಗಿ ಆಗಿದ್ದರೂ ಮಾಡಿಸಿದ್ದರೂ, ಬಹುಕಾಲದಿಂದ ‘ಅಬಾರ್ಷನ್’ ಎಂದೇ ಬರೆಯುವ ರೂಢಿಯಿದೆ. ‘ಮಿಸ್ಡ್ ಅಬಾರ್ಷನ್’ ಎಂದರೆ ಭ್ರೂಣದ ಬೆಳವಣಿಗೆ ನಿಂತಿದೆ, ಆದರೆ ದೇಹ ಇನ್ನೂ ಅದನ್ನು ಹೊರಹಾಕಿಲ್ಲ ಎಂದರ್ಥ. ‘ಇನ್‌ಕಂಪ್ಲೀಟ್ ಅಬಾರ್ಷನ್’ ಎಂದರೆ ಸ್ವಲ್ಪ ಹೊರಬಂದಿದೆ, ಸ್ವಲ್ಪ ಉಳಿದಿದೆ ಎಂದರ್ಥ. ‘ಸ್ಪಾಂಟೇನಿಯಸ್ ಅಬಾರ್ಷನ್’ ಎಂದರೆ ತಾನಾಗಿ ಆದ ಗರ್ಭಸ್ರಾವ. ಈ ಮೂರರಲ್ಲಿ ಯಾವುದನ್ನೂ ಯಾರೂ ‘ಮಾಡಿಸಿದ್ದಲ್ಲ’.

ಕನ್ನಡದ ‘ಗರ್ಭಪಾತ’ ಪದವನ್ನೂ ಎರಡೂ ಅರ್ಥದಲ್ಲಿ ಬಳಸುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ತಾನಾಗಿ ಆಗುವುದನ್ನು ನಾವು ‘ಗರ್ಭಸ್ರಾವ’ ಎಂದೇ ಕರೆಯುತ್ತೇವೆ. ಇನ್ನೊಂದು ಮಾತು: ಬೇಡದ ಗರ್ಭವನ್ನು ತೆಗೆಸುವುದು ಕೂಡ ನಮ್ಮ ದೇಶದಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ನಿಯಮಗಳೊಳಗೆ ಕಾನೂನುಬದ್ಧವೇ. ರಿಪೋರ್ಟಿನ ಒಂದು ಪದ ನೋಡಿ ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸಬೇಕಿಲ್ಲ.

ಗರ್ಭಸ್ರಾವ ಯಾಕೆ ಆಗುತ್ತದೆ?

ಗರ್ಭಿಣಿ ಎಂದು ಗೊತ್ತಾದ ಮೇಲೂ 100ರಲ್ಲಿ ಸುಮಾರು 10ರಿಂದ 20 ಗರ್ಭಗಳು ಗರ್ಭಸ್ರಾವದಲ್ಲಿ ಕೊನೆಗೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳೊಳಗೆ ಆಗುತ್ತವೆ. ನಿಮ್ಮ ಬೀದಿಯಲ್ಲಿ, ಆಫೀಸಿನಲ್ಲಿ, ಬಂಧುಗಳಲ್ಲಿ ಇದನ್ನು ಅನುಭವಿಸಿದವರು ಖಂಡಿತ ಇರುತ್ತಾರೆ, ಹೇಳಿಕೊಂಡಿರುವುದಿಲ್ಲ ಅಷ್ಟೆ.

ಆರಂಭದ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್‌ಗಳ ಸಂಖ್ಯೆಯಲ್ಲಿನ ಏರುಪೇರೇ ಕಾರಣ. ಅಂಡಾಣು ಮತ್ತು ವೀರ್ಯಾಣು ಸೇರುವ ಹೊತ್ತಿನಲ್ಲೇ ಆಗುವ ಈ ತಪ್ಪನ್ನು ಯಾರೂ ಮಾಡುವುದಿಲ್ಲ, ಯಾರೂ ತಡೆಯಲಾಗುವುದಿಲ್ಲ. ತಾಯಿಯ ವಯಸ್ಸು 35 ದಾಟಿದ ಮೇಲೆ ಇದರ ಸಾಧ್ಯತೆ ಹೆಚ್ಚುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಧೂಮಪಾನದಂಥ ಕಾರಣಗಳೂ ಕೆಲವರಲ್ಲಿ ಸೇರಿಕೊಳ್ಳುತ್ತವೆ. ಮೆಟ್ಟಿಲು ಹತ್ತಿದ್ದು, ಬಸ್ಸಿನಲ್ಲಿ ಹೋಗಿದ್ದು, ಗ್ರಹಣದ ದಿನ ಹೊರಗೆ ಬಂದಿದ್ದು, ಯಾರದೋ ದೃಷ್ಟಿ ತಾಗಿದ್ದು ಕಾರಣಗಳಲ್ಲ.

ಮಾತ್ರೆಗೆ ಮೊದಲು ಎರಡು ವಿಷಯ ಖಚಿತವಾಗಬೇಕು

ಮೊದಲನೆಯದು, ಗರ್ಭದ ಬೆಳವಣಿಗೆ ನಿಜಕ್ಕೂ ನಿಂತಿದೆಯೇ? ಮುಟ್ಟಿನ ಲೆಕ್ಕ ಒಂದು ವಾರ ಹೆಚ್ಚುಕಡಿಮೆಯಾದರೂ ಹಾರ್ಟ್‌ಬೀಟ್ ಇನ್ನೂ ಕಾಣಿಸದಿರಬಹುದು. ಅದಕ್ಕಾಗಿ ಸ್ಕ್ಯಾನ್‌ಗೆ ಕಟ್ಟುನಿಟ್ಟಿನ ಅಳತೆಗಳಿವೆ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಹಾರ್ಟ್‌ಬೀಟ್ ಇಲ್ಲದಿದ್ದರೆ, ಅಥವಾ ಗರ್ಭಚೀಲದ ಸರಾಸರಿ ಅಗಲ 25 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಒಳಗೆ ಭ್ರೂಣವೇ ಇಲ್ಲದಿದ್ದರೆ, ಬೆಳವಣಿಗೆ ನಿಂತಿದೆ ಎಂದು ಪರಿಗಣಿಸುತ್ತಾರೆ. ಅಳತೆ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ‘ಇನ್ನೊಮ್ಮೆ ಸ್ಕ್ಯಾನ್ ಮಾಡೋಣ’ ಎಂದು ವೈದ್ಯರು ಹೇಳಿದರೆ ಅದು ದುಡ್ಡಿಗಾಗಿ ಎಂದುಕೊಳ್ಳಬೇಡಿ. ನಿಮಗೆ ಅನುಮಾನವಿದ್ದರೆ ಎರಡನೇ ಸ್ಕ್ಯಾನ್ ಕೇಳುವ ಹಕ್ಕೂ ನಿಮಗಿದೆ.

ಎರಡನೆಯದು, ಗರ್ಭ ಎಲ್ಲಿದೆ? 100ರಲ್ಲಿ ಒಂದೆರಡು ಗರ್ಭಗಳು ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ, ಬೆಳೆಯುತ್ತವೆ. ಇದನ್ನು ಎಕ್ಟೋಪಿಕ್ ಎನ್ನುತ್ತಾರೆ. ಇಲ್ಲಿ ನಾವು ಹೇಳುತ್ತಿರುವ ಮಾತ್ರೆಗಳು ಅದಕ್ಕೆ ಕೆಲಸ ಮಾಡುವುದಿಲ್ಲ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಪ್ರಾಣಕ್ಕೇ ಅಪಾಯ. ಮಾತ್ರೆ ನುಂಗಿದವರಿಗೆ ಹೊಟ್ಟೆನೋವು ಬಂದಾಗ ‘ಮಾತ್ರೆ ಕೆಲಸ ಮಾಡ್ತಿದೆ’ ಎಂದುಕೊಂಡು ಮನೆಯಲ್ಲೇ ಉಳಿದುಬಿಡುವ ಸಾಧ್ಯತೆಯಿದೆ. ಸ್ಕ್ಯಾನ್ ಇಲ್ಲದೆ ಮಾತ್ರೆ ಬೇಡ ಎನ್ನುವುದಕ್ಕೆ ಇದೇ ದೊಡ್ಡ ಕಾರಣ.

ಚಿಕಿತ್ಸೆಗೆ ಮೂರು ದಾರಿಗಳಿವೆ

ಹೆಚ್ಚು ರಕ್ತಸ್ರಾವ, ಸೋಂಕು ಇಲ್ಲದಿದ್ದರೆ ಇದು ಓಡಿಹೋಗಿ ಮಾಡಿಸಬೇಕಾದ ಎಮರ್ಜೆನ್ಸಿ ಅಲ್ಲ. ಯೋಚಿಸಲು ಸಮಯವಿದೆ.

1. ಕಾಯುವುದು: ದೇಹ ತಾನಾಗಿ ಗರ್ಭವನ್ನು ಹೊರಹಾಕಲು ಬಿಡುವುದು. ಎಂಟು ವಾರದವರೆಗೆ ಸಮಯ ಕೊಟ್ಟರೆ ಸುಮಾರು 80% ಮಂದಿಯಲ್ಲಿ ಹೀಗೇ ಮುಗಿಯುತ್ತದೆ. ಆದರೆ ಯಾವಾಗ ಎಂದು ಹೇಳಲಾಗದು.

2. ಮಾತ್ರೆ: ದೇಹ ಮಾಡಬೇಕಾದ ಕೆಲಸವನ್ನು ಬೇಗ ಶುರು ಮಾಡಿಸುವುದು. ಆಪರೇಷನ್, ಅರಿವಳಿಕೆ ಬೇಕಾಗುವುದಿಲ್ಲ. ನೋವು, ರಕ್ತಸ್ರಾವ ಮನೆಯಲ್ಲೇ ಆಗುತ್ತದೆ.

3. ಗರ್ಭಕೋಶವನ್ನು ಖಾಲಿ ಮಾಡುವ ಪ್ರಕ್ರಿಯೆ: ಜನ ‘ಕ್ಲೀನಿಂಗ್’ ಎನ್ನುವುದು ಇದನ್ನೇ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಒಂದೇ ಸಲಕ್ಕೆ ಪೂರ್ಣವಾಗುವ ಸಾಧ್ಯತೆ ಅತಿ ಹೆಚ್ಚು. ಈಗ ಲೋಹದ ಉಪಕರಣದಿಂದ ಕೆರೆಯುವ ಹಳೆಯ ವಿಧಾನದ ಬದಲು ನಿರ್ವಾತದಿಂದ ಹೀರುವ ವಿಧಾನವನ್ನೇ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಾವ ವಿಧಾನ ಎಂದು ನೀವೂ ಕೇಳಬಹುದು.

ಬ್ರಿಟನ್ನಿನಲ್ಲಿ 1,200 ಮಹಿಳೆಯರ ಮೇಲೆ ಈ ಮೂರೂ ದಾರಿಗಳನ್ನು ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮೂರರಲ್ಲೂ ಸೋಂಕು ತಗುಲಿದ್ದು ಸುಮಾರು 2ರಿಂದ 3% ಮಂದಿಗೆ ಮಾತ್ರ. ವ್ಯತ್ಯಾಸ ಹೆಚ್ಚೇನೂ ಇರಲಿಲ್ಲ. ಹೀಗಾಗಿ ಬೇರೆ ತೊಂದರೆ ಇಲ್ಲದವರಲ್ಲಿ ಯಾವ ದಾರಿ ಎಂಬುದು ಬಹುಮಟ್ಟಿಗೆ ಆ ಮಹಿಳೆಯ ಆಯ್ಕೆ.

ಮಾತ್ರೆ ಹೇಗೆ ಕೆಲಸ ಮಾಡುತ್ತದೆ?

ಎರಡು ಔಷಧಗಳಿವೆ. ಮೊದಲನೆಯದು ಮಿಫೆಪ್ರಿಸ್ಟೋನ್. ಗರ್ಭವನ್ನು ಹಿಡಿದಿಡುವ ಹಾರ್ಮೋನ್ ಪ್ರೊಜೆಸ್ಟರಾನ್. ಅದರ ಕೆಲಸಕ್ಕೆ ಮಿಫೆಪ್ರಿಸ್ಟೋನ್ ತಡೆಯೊಡ್ಡುತ್ತದೆ, ಗರ್ಭಕೋಶವನ್ನು ಮುಂದಿನ ಮಾತ್ರೆಗೆ ಸಿದ್ಧಗೊಳಿಸುತ್ತದೆ. ಎರಡನೆಯದು ಮಿಸೊಪ್ರೊಸ್ಟಾಲ್. ಇದನ್ನು ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಕೊಡುತ್ತಾರೆ. ಇದು ಗರ್ಭಕೋಶದ ಬಾಯಿಯನ್ನು ಮೆತ್ತಗೆ ಮಾಡಿ, ಗರ್ಭಕೋಶ ಸಂಕುಚಿಸುವಂತೆ ಮಾಡುತ್ತದೆ. ಕೆಲವೆಡೆ ಮಿಸೊಪ್ರೊಸ್ಟಾಲ್ ಒಂದನ್ನೇ ಕೊಡುತ್ತಾರೆ.

ಮಿಸೊಪ್ರೊಸ್ಟಾಲ್ ಮೊದಲು ಬಂದದ್ದು ಹೊಟ್ಟೆಹುಣ್ಣಿನ ಔಷಧವಾಗಿ. ಇದೇ ಔಷಧವನ್ನು ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ ತಡೆದು ತಾಯಿಯ ಜೀವ ಉಳಿಸಲೂ ಬಳಸುತ್ತಾರೆ. ಒಂದೇ ಔಷಧಕ್ಕೆ ಹಲವು ಉಪಯೋಗಗಳಿರುತ್ತವೆ. ಡಬ್ಬಿಯ ಮೇಲಿನ ಒಂದು ಹೆಸರನ್ನು ನೋಡಿ ಅದನ್ನು ಯಾಕೆ ಕೊಟ್ಟರು ಎಂದು ತೀರ್ಮಾನಿಸಲಾಗದು.

ಎಷ್ಟರ ಮಟ್ಟಿಗೆ ಫಲ ಕೊಡುತ್ತದೆ?

2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಿಸೊಪ್ರೊಸ್ಟಾಲ್ ಮಾತ್ರ ಪಡೆದವರಲ್ಲಿ 71% ಮಂದಿಗೆ ಮೂರನೇ ದಿನದ ಹೊತ್ತಿಗೆ ಗರ್ಭಸ್ರಾವ ಪೂರ್ಣವಾಗಿತ್ತು. ಬೇಕಾದವರಿಗೆ ಎರಡನೇ ಡೋಸ್ ಕೊಟ್ಟ ಮೇಲೆ ಎಂಟನೇ ದಿನಕ್ಕೆ ಇದು 84% ತಲುಪಿತು. 2018ರಲ್ಲಿ ಅಮೆರಿಕದ್ದೇ ಇನ್ನೊಂದು ಅಧ್ಯಯನ, 300 ಮಹಿಳೆಯರದ್ದು, ಎರಡೂ ಔಷಧಗಳನ್ನು ಸೇರಿಸಿ ನೋಡಿತು. ಮೊದಲು ಮಿಫೆಪ್ರಿಸ್ಟೋನ್ ಪಡೆದವರಲ್ಲಿ ಒಂದೇ ಡೋಸ್ ಮಿಸೊಪ್ರೊಸ್ಟಾಲ್‌ಗೆ ಸುಮಾರು 84% ಯಶಸ್ಸು ಸಿಕ್ಕಿತು. ಮಿಸೊಪ್ರೊಸ್ಟಾಲ್ ಮಾತ್ರ ಪಡೆದವರಲ್ಲಿ ಅದು 67%. ಬ್ರಿಟನ್ನಿನ 28 ಆಸ್ಪತ್ರೆಗಳ 711 ಮಹಿಳೆಯರ ಅಧ್ಯಯನವೂ 2020ರಲ್ಲಿ ಇದೇ ದಿಕ್ಕಿನ ಫಲಿತಾಂಶ ಕೊಟ್ಟಿತು.

ಅಂದರೆ ಹೆಚ್ಚಿನವರಿಗೆ ಮಾತ್ರೆ ಸಾಕು. ಕೆಲವರಿಗೆ ಇನ್ನೊಂದು ಡೋಸ್ ಅಥವಾ ಕ್ಲೀನಿಂಗ್ ಬೇಕಾಗುತ್ತದೆ. ಹಾಗಾದರೆ ಅದು ನಿಮ್ಮ ತಪ್ಪಲ್ಲ, ವೈದ್ಯರ ಮೋಸವೂ ಅಲ್ಲ. ಮೊದಲೇ ಗೊತ್ತಿರುವ ಸಾಧ್ಯತೆ ಅದು.

ಮನೆಯಲ್ಲಿ ಏನಾಗುತ್ತದೆ?

ಮಿಸೊಪ್ರೊಸ್ಟಾಲ್ ಆದ ಮೇಲೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಹೊಟ್ಟೆ ಹಿಂಡಿದಂಥ ನೋವು, ರಕ್ತಸ್ರಾವ ಶುರುವಾಗುತ್ತದೆ. ‘ಮುಟ್ಟಿನ ಹಾಗೆ ಅಷ್ಟೆ’ ಎಂದು ಹೇಳಿ ಕಳಿಸುವುದು ಸರಿಯಲ್ಲ. ಹಲವರಿಗೆ ಇದು ಮುಟ್ಟಿಗಿಂತ ಜೋರಾಗಿರುತ್ತದೆ. ರಕ್ತದ ಗಡ್ಡೆಗಳು ಬೀಳುತ್ತವೆ. ಗರ್ಭದ ಅಂಗಾಂಶವೂ ಕಾಣಬಹುದು. ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ಜೋರಾದ ಹಂತ ಸಾಮಾನ್ಯವಾಗಿ ಕೆಲವು ಗಂಟೆಗಳದ್ದು. ಆಮೇಲೆ ಎರಡು ವಾರದವರೆಗೆ ಸ್ವಲ್ಪ ಸ್ವಲ್ಪ ರಕ್ತ ಹೋಗಬಹುದು.

ಚಳಿ, ಸ್ವಲ್ಪ ಜ್ವರ, ವಾಕರಿಕೆ, ಭೇದಿ ಈ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮಗಳು. ಒಂದು ದಿನದೊಳಗೆ ಕಡಿಮೆಯಾಗುತ್ತವೆ. ನೋವಿನ ಮಾತ್ರೆಯನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ, ನೋವು ಸಹಿಸಿಕೊಂಡು ಕೂರಬೇಕಿಲ್ಲ. ದೊಡ್ಡ ಪ್ಯಾಡ್‌ಗಳು ಮನೆಯಲ್ಲಿರಲಿ. ಊಟ, ನೀರು ಬಿಡಬೇಡಿ. ಆ ದಿನ ಒಬ್ಬರೇ ಇರಬೇಡಿ. ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕಾದರೆ ಗಾಡಿ ಯಾವುದು, ಯಾವ ಆಸ್ಪತ್ರೆ ಎಂದು ಮೊದಲೇ ಯೋಚಿಸಿಡಿ. ಹಳ್ಳಿಯಿಂದ ಆಸ್ಪತ್ರೆ ದೂರವಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಅಂಥವರಿಗೆ ಆಸ್ಪತ್ರೆಯಲ್ಲೇ ಇದ್ದು ಮಾತ್ರೆ ತೆಗೆದುಕೊಳ್ಳುವುದು ಅಥವಾ ಬೇರೆ ದಾರಿ ಒಳ್ಳೆಯದಿರಬಹುದು.

ಒಂದೆರಡು ವಾರ ಬಿಟ್ಟು ಮತ್ತೆ ತೋರಿಸಬೇಕು. ಆಗಿನ ಸ್ಕ್ಯಾನ್‌ನಲ್ಲಿ ಮುಖ್ಯವಾಗಿ ನೋಡುವುದು ಗರ್ಭಚೀಲ ಹೊರಬಂದಿದೆಯೇ ಎಂದು. ಗರ್ಭಕೋಶದ ಒಳಪದರ ಸ್ವಲ್ಪ ದಪ್ಪ ಕಂಡಿತೆಂಬ ಒಂದೇ ಕಾರಣಕ್ಕೆ, ಬೇರೆ ತೊಂದರೆ ಇಲ್ಲದಿದ್ದರೆ, ಕ್ಲೀನಿಂಗ್ ಬೇಕಾಗುವುದಿಲ್ಲ.

ಈ ಲಕ್ಷಣಗಳಿದ್ದರೆ ಕಾಯಬೇಡಿ

ಈ ಭಾಗವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

• ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಸತತ ಎರಡು ಗಂಟೆ ಹೋಗುತ್ತಿದ್ದರೆ
• ತಲೆಸುತ್ತು, ಕಣ್ಣು ಕತ್ತಲೆ ಬರುವುದು, ಎಚ್ಚರ ತಪ್ಪುವುದು
• 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಮೀರಿದ ಜ್ವರ 24 ಗಂಟೆಯಾದರೂ ಇಳಿಯದಿದ್ದರೆ
• ಯೋನಿಯಿಂದ ಕೆಟ್ಟ ವಾಸನೆಯ ಸ್ರಾವ
• ಹೊಟ್ಟೆಯ ಒಂದೇ ಪಕ್ಕದಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು
• ನೋವಿನ ಮಾತ್ರೆಗೂ ಬಗ್ಗದ ಹೊಟ್ಟೆನೋವು

ಇವುಗಳಲ್ಲಿ ಯಾವುದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಕರ್ನಾಟಕದಲ್ಲಿ ಆಂಬ್ಯುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ಮಿಸೊಪ್ರೊಸ್ಟಾಲ್ ತೆಗೆದುಕೊಂಡು 24ರಿಂದ 48 ಗಂಟೆಯಾದರೂ ರಕ್ತಸ್ರಾವವೇ ಶುರುವಾಗದಿದ್ದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ.

ಯಾರಿಗೆ ಮಾತ್ರೆ ಸರಿಹೊಂದುವುದಿಲ್ಲ?

ತೀವ್ರ ರಕ್ತಹೀನತೆ ಇರುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಈಗಾಗಲೇ ಸೋಂಕು ಅಥವಾ ವಿಪರೀತ ರಕ್ತಸ್ರಾವ ಇರುವವರು, ಎಕ್ಟೋಪಿಕ್ ಅನುಮಾನ ಇರುವವರು. ನಮ್ಮಲ್ಲಿ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ತುಂಬಾ ಸಾಮಾನ್ಯ, ಆದ್ದರಿಂದ ಮಾತ್ರೆಗೆ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಿಸಿ. ಕಾಪರ್-ಟಿ ಇದ್ದಾಗ್ಯೂ ಗರ್ಭ ಧರಿಸಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ, ಆಸ್ತಮಾ ಇದ್ದರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ.

ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಕೇಳಿ. ಎಷ್ಟು ವಾರದ ನಂತರ ಅದು ಬೇಕು ಎಂಬುದರಲ್ಲಿ ಮಾರ್ಗಸೂಚಿಗಳ ನಡುವೆ ವ್ಯತ್ಯಾಸವಿದೆ. ಬೇಕಿದ್ದರೆ ಸಾಮಾನ್ಯವಾಗಿ 72 ಗಂಟೆಯೊಳಗೆ ಕೊಡುತ್ತಾರೆ.

ಫಾರ್ವರ್ಡ್‌ಗಳು ಹೇಳುವುದು, ನಿಜ ಇರುವುದು

‘ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗಲ್ಲ.’
ಸುಳ್ಳು. ಮೇಲೆ ಹೇಳಿದ ಬ್ರಿಟನ್ ಅಧ್ಯಯನದಲ್ಲಿ ಪಾಲ್ಗೊಂಡವರನ್ನು ಮುಂದೆಯೂ ಗಮನಿಸಿದರು. ಕಾದವರು, ಮಾತ್ರೆ ತೆಗೆದುಕೊಂಡವರು, ಕ್ಲೀನಿಂಗ್ ಮಾಡಿಸಿದವರು, ಮೂರೂ ಗುಂಪುಗಳಲ್ಲಿ ಐದು ವರ್ಷದೊಳಗೆ ಐವರಲ್ಲಿ ಸುಮಾರು ನಾಲ್ವರಿಗೆ ಮಗುವಾಗಿತ್ತು.

‘ಕ್ಲೀನಿಂಗ್ ಮಾಡಿಸದಿದ್ದರೆ ಒಳಗೇ ವಿಷವಾಗುತ್ತೆ.’
ಸೋಂಕಿನ ಲಕ್ಷಣ ಇದ್ದರೆ ತುರ್ತು ಚಿಕಿತ್ಸೆ ಬೇಕು, ನಿಜ. ಆದರೆ ಎಲ್ಲರಿಗೂ ಕ್ಲೀನಿಂಗ್ ಬೇಕು ಎಂಬುದು ಸುಳ್ಳು.

‘ಪರಂಗಿ ಹಣ್ಣು ತಿಂದಿದ್ದಕ್ಕೆ, ಉಷ್ಣ ಆಗಿದ್ದಕ್ಕೆ ಹೀಗಾಯಿತು.’
ಹಣ್ಣಾದ ಪರಂಗಿಯಿಂದ ಗರ್ಭಸ್ರಾವ ಆಗುತ್ತದೆ ಎನ್ನಲು ಪುರಾವೆ ಇಲ್ಲ. ಕಾಯಿಯ ಹಾಲು ಇಲಿಗಳ ಗರ್ಭಕೋಶವನ್ನು ಸಂಕುಚಿಸಿದ್ದು ಪ್ರಯೋಗಾಲಯದಲ್ಲಿ ಕಂಡಿದೆ, ಹಾಗಾಗಿ ಕಾಯಿ ಬಿಡುವುದರಲ್ಲಿ ತಪ್ಪಿಲ್ಲ. ಅದೇ ಕಾರಣಕ್ಕೆ ಅದನ್ನು ಗರ್ಭ ಇಳಿಸುವ ‘ಮನೆಮದ್ದು’ ಎಂದು ಬಳಸುವುದೂ ಸರಿಯಲ್ಲ.

‘ಇನ್ನು ಒಂದು ವರ್ಷ ಪ್ರಯತ್ನವನ್ನೇ ಮಾಡಬಾರದು.’
ಎಲ್ಲರಿಗೂ ಇಂಥ ನಿಯಮವಿಲ್ಲ. ದೇಹ ಚೇತರಿಸಿಕೊಂಡು, ಮನಸ್ಸು ಸಿದ್ಧವಾದಾಗ ವೈದ್ಯರನ್ನು ಕೇಳಿ ನಿರ್ಧರಿಸಬಹುದು. ನೆನಪಿಡಿ, ಎರಡು ವಾರದಲ್ಲೇ ಮತ್ತೆ ಅಂಡಾಣು ಬಿಡುಗಡೆಯಾಗಬಹುದು. ಅಂದರೆ ಮುಂದಿನ ಮುಟ್ಟಿಗೆ ಮೊದಲೇ ಗರ್ಭ ನಿಲ್ಲಬಹುದು. ಈಗಲೇ ಬೇಡವಾದರೆ ಗರ್ಭನಿರೋಧಕ ಬಳಸಿ.

‘ಒಂದು ಸಲ ಹೋದರೆ ಪ್ರತಿ ಸಲ ಹೋಗುತ್ತೆ.’
ಸುಳ್ಳು. ಸತತ ಮೂರು ಸಲ ಗರ್ಭಸ್ರಾವ ಆಗುವುದು ಸುಮಾರು 1% ದಂಪತಿಗಳಲ್ಲಿ ಮಾತ್ರ. ಎರಡು ಅಥವಾ ಹೆಚ್ಚು ಸಲ ಆಗಿದ್ದರೆ ಗಂಡ-ಹೆಂಡತಿ ಇಬ್ಬರೂ ತಜ್ಞರಿಗೆ ತೋರಿಸಿ.

ಡೋಸ್ ಯಾಕೆ ಬರೆದಿಲ್ಲ?

ಎಷ್ಟು ಮಾತ್ರೆ, ಯಾವಾಗ, ಹೇಗೆ ಎಂಬುದನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ವಾರ, ಸ್ಕ್ಯಾನ್‌ನಲ್ಲಿ ಕಂಡದ್ದು, ಹಿಂದಿನ ಹೆರಿಗೆಗಳು ಇವನ್ನೆಲ್ಲ ನೋಡಿ ಅದು ಬದಲಾಗುತ್ತದೆ. ಈ ಲೇಖನದ ಒಂದು ತುಣುಕು ಮಾತ್ರ ಫಾರ್ವರ್ಡ್ ಆಗಿ, ಎಕ್ಟೋಪಿಕ್ ಇರುವ ಯಾರೋ ಅದನ್ನು ನೋಡಿ ಮಾತ್ರೆ ನುಂಗುವಂತಾಗಬಾರದು. ಇವು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳು. ಅಂಗಡಿಯಲ್ಲಿ ‘ಚೀಟಿ ಬೇಡ’ ಎಂದು ಕೊಟ್ಟರೂ ತೆಗೆದುಕೊಳ್ಳಬೇಡಿ. ಈಗಾಗಲೇ ನುಂಗಿದ್ದರೆ ಮುಚ್ಚಿಡಬೇಡಿ. ಏನು, ಎಷ್ಟು, ಯಾವಾಗ ತೆಗೆದುಕೊಂಡಿರಿ ಎಂದು ವೈದ್ಯರಿಗೆ ಹೇಳಿ.

ರಜೆ ಮತ್ತು ಮನಸ್ಸು

ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿ: ಗರ್ಭಸ್ರಾವವಾದ ಉದ್ಯೋಗಸ್ಥ ಮಹಿಳೆಗೆ 6 ವಾರಗಳ ವೇತನಸಹಿತ ರಜೆಯ ಹಕ್ಕಿದೆ; ಮೊದಲು ಇದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಸೆಕ್ಷನ್‌ನಲ್ಲಿತ್ತು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು, ದಾಖಲೆ ಕೊಡಬೇಕು. ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಸೌಲಭ್ಯ ಮುಂದುವರಿದಿದೆ. ಮುಚ್ಚಿಡಬೇಕು ಅನ್ನಿಸುವ ಆ ರಿಪೋರ್ಟೇ ಇಲ್ಲಿ ನಿಮ್ಮ ದಾಖಲೆ. ಎಸೆಯಬೇಡಿ.

ಗರ್ಭ ಎಂಟೇ ವಾರದ್ದಾದರೂ ದುಃಖ ಚಿಕ್ಕದಲ್ಲ. ‘ಬಿಡು, ಇನ್ನೂ ಚಿಕ್ಕ ವಯಸ್ಸು’ ಎಂಬ ಸಮಾಧಾನ ಎಲ್ಲರಿಗೂ ಸಮಾಧಾನ ಕೊಡುವುದಿಲ್ಲ. ಗಂಡನಿಗೂ ದುಃಖವಿರುತ್ತದೆ. ನಿದ್ದೆ ಬಾರದಿದ್ದರೆ, ಅಳು ನಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಸಲ ನಿಮ್ಮ ಗ್ರೂಪಿನಲ್ಲಿ ಇಂಥ ರಿಪೋರ್ಟಿನ ಫೋಟೋ ಬಂದರೆ ‘ಯಾಕೆ ತೆಗೆಸಿದರು?’ ಎಂದು ಕೇಳುವ ಮೊದಲು ‘ಅಬಾರ್ಷನ್’ ಪದದ ಅರ್ಥ ನೆನಪಿಸಿಕೊಳ್ಳಿ. ‘ರಕ್ತ ಹೆಚ್ಚು ಹೋಗ್ತಿದೆಯಾ? ಜೊತೆಗೆ ಯಾರಿದ್ದಾರೆ? ನಾನು ಬರಲಾ?’ ಎಂದು ಕೇಳಿ. ಆ ಹೊತ್ತಿನಲ್ಲಿ ಅವಳಿಗೆ ಬೇಕಾಗಿರುವುದು ಅಷ್ಟೇ.

ಈ ಲೇಖನ ತಿಳಿವಳಿಕೆಗಾಗಿ ಮಾತ್ರ, ವೈದ್ಯರ ಸಲಹೆಗೆ ಬದಲಿಯಲ್ಲ. ಹಂಚುವುದಾದರೆ ತುಣುಕು ಮಾಡದೆ ಪೂರ್ತಿಯಾಗಿ ಹಂಚಿ.